ಇಂಟರ್ವಲ್ ಮುಗಿದ ಮೇಲೆ

ಗ್ರ್ಯಾಂಟ್ ರೋಡಿನ ನಮ್ಮ ಹೋಟೆಲಿನ ಶಟರು ಬೀಳುವುದು ಹತ್ತೂವರೆಗೆ.
ಮೇಜು ಒರೆಸಿ, ಬೆಂಚು ಮಗುಚಿ, ಸಾಂಬಾರಿನ ಹಂಡೆಗೆ ನೀರು ಬಿಟ್ಟು
ನಾನೂ ಶೀನನೂ ಓಡುತ್ತಿದ್ದೆವು ದೀಪಮಾಲಾ ಟಾಕೀಸಿಗೆ,
ಅಂಗಿಯ ಗುಂಡಿ ದಾರಿಯಲ್ಲೇ ಹಾಕಿಕೊಳ್ಳುತ್ತ.

ಬಾಗಿಲು ಕಾಯುವ ದಗಡೂಮಾಮನಿಗೆ
ಪೇಪರಿನಲ್ಲಿ ಕಟ್ಟಿದ ಎರಡು ವಡೆ, ಅದೇ ಟಿಕೇಟು.
ಬಿಸಿಯಿದ್ದರೆ ಕುರ್ಚಿ, ಆರಿದ್ದರೆ ಗೋಡೆ.
ಒಂದೇ ಕರಾರು: ಇಂಟರ್ವಲ್ ಮುಗಿದು
ಶೇಂಗಾ ಕೊಂಡವರು ಒಳಗೆ ನುಗ್ಗುವಾಗ
ಅವರ ನಡುವೆ ನುಗ್ಗಬೇಕು, ತಲೆ ತಗ್ಗಿಸಿ.

ಹಾಗಾಗಿ, ನೋಡಿ,
ನಾನು ಹೋಗುವಷ್ಟರಲ್ಲಿ ಎಲ್ಲ ಆಗಿಹೋಗಿರುತ್ತಿತ್ತು.
ತಾಯಿಗೆ ಆಗಲೇ ಕಣ್ಣು ಹೋಗಿರುತ್ತಿತ್ತು.
ಅಣ್ಣ ಆಗಲೇ ಜೈಲಿನಲ್ಲಿ.
ನಾಯಕಿ ಬಿಳಿ ಸೀರೆಯುಟ್ಟು ಕಿಟಕಿಯ ಸರಳು ಹಿಡಿದು
ಯಾವುದನ್ನೋ ನೆನೆದು ಅಳುತ್ತಿದ್ದಳು.
ಯಾವುದನ್ನು? ಗೊತ್ತಿಲ್ಲ.
ಅವಳ ಜೊತೆ ನಾನೂ ಅತ್ತೆ, ಹದಿನೇಳು ಸಲ.
ಹದಿನೇಳು ಅರ್ಧ ಕೂಡಿದರೆ ಲೆಕ್ಕಕ್ಕೆ ಎಂಟೂವರೆ,
ಆದರೂ ಒಂದು ಪೂರ್ತಿ ಸಿನಿಮಾ ಆಗಲಿಲ್ಲ.

ಬೆಳಗಿನ ಜಾವ ರುಬ್ಬುಗುಂಡು ತಿರುಗಿಸುತ್ತ
ಮೊದಲರ್ಧ ನಾವೇ ಕಟ್ಟುತ್ತಿದ್ದೆವು.
‘ಜಾಗದ್ ತಕರಾರ್ ಮಾರಾಯಾ, ಮತ್ತೆಂತ’ ಅನ್ನುತ್ತಿದ್ದ ಶೀನ.
ಗಂಗೊಳ್ಳಿಯಲ್ಲಿ ಅವನಪ್ಪ ಸ್ವಂತ ಅಣ್ಣನ ಮೇಲೆ ದಾವೆ ಹೂಡಿದ್ದ.
ನನ್ನ ಪ್ರಕಾರ ಜಗಳ ಹುಡುಗಿಯದೇ.
ನನಗೆ ಹತ್ತೊಂಬತ್ತು.

ಒಂದು ಮಾತ್ರ ಇಬ್ಬರಿಗೂ ಬಗೆಹರಿಯಲಿಲ್ಲ:
ನಾಯಕಿಯ ಮನೆಯ ಗೋಡೆಗೆ ಒಂದು ಫೋಟೋ.
ಗಂಧದ ಹಾರ, ಓರೆ ಬೈತಲೆ, ಹಲ್ಲು ಕಾಣುವ ನಗು.
ಯಾರು ಬಂದರೂ ಅದರ ಮುಂದೆ ನಿಲ್ಲುವರು,
ಥಿಯೇಟರಿಗೆ ಥಿಯೇಟರೇ ಮೂಗು ಸೀಟುವುದು.
ನಾವಿಬ್ಬರು ಮಾತ್ರ, ಗುರುತಿಲ್ಲದವರ ಸಾವಿನ ಮನೆಗೆ ಹೊಕ್ಕವರ ಹಾಗೆ
ಕೈ ಎಲ್ಲಿಡುವುದೆಂದು ತಿಳಿಯದೆ.

ಶೀನ ರತ್ನಾಗಿರಿಯ ಯಾವುದೋ ಕ್ಯಾಂಟೀನು ಸೇರಿದ, ಕಾಗದವಿಲ್ಲ.
ದೀಪಮಾಲಾ ಬಟ್ಟೆಯ ಗೋದಾಮಾಯಿತು.
ನನಗೆ ಕುಮುದಿನಿ ಸಿಕ್ಕಳು, ಭಾಯಖಳದ ಆಸ್ಪತ್ರೆಯ ಆಯಾ,
ಆಗವಳಿಗೆ ಮೂವತ್ತನಾಲ್ಕು.
ಅವಳ ಟ್ರಂಕಿನ ತಳದಲ್ಲಿ, ಉಣ್ಣೆಯ ಸ್ವೆಟರಿನಡಿ,
ಒಬ್ಬನ ಫೋಟೋ. ಹಾರವಿಲ್ಲ.
ವರ್ಷಕ್ಕೊಮ್ಮೆ ನುಸಿಗುಳಿಗೆ ಬದಲಿಸುವವನು ನಾನೇ.
ಕೇಳಲಿಲ್ಲ.
ಅರ್ಧಕ್ಕೆ ಒಳಬಂದವನು ಪಕ್ಕದವರನ್ನು
‘ಇಲ್ಲೀತನಕ ಏನಾಯ್ತು’ ಎಂದು ಪೀಡಿಸಬಾರದು.
ವಡೆ ತಿಂದು ಬಾಯೊರೆಸಿಕೊಳ್ಳುತ್ತ ದಗಡೂಮಾಮ ಕಲಿಸಿದ್ದು.

ಮೊನ್ನೆ ಮಧ್ಯಾಹ್ನ, ಡೊಂಬಿವಲಿಯ ನಮ್ಮ ಕೋಣೆಯ ಟೀವಿಯಲ್ಲಿ
ಅದೇ ಸಿನಿಮಾ. ಮೊದಲಿಂದ.
ಹೆಸರುಗಳು ಒಂದೊಂದಾಗಿ ಏಳುತ್ತಿದ್ದವು,
ಕೈಯಲ್ಲಿ ಚಾ ಆರುತ್ತಿತ್ತು.
ಜಗಳ ಜಾಗದ್ದಲ್ಲ, ಹುಡುಗಿಯದೂ ಅಲ್ಲ,
ಒಂದು ಕೈಗಡಿಯಾರದ್ದು. ಥೂ,
ನಾವು ರುಬ್ಬಿದ ಕತೆಯೇ ಎಷ್ಟೋ ವಾಸಿ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದ,
ಫೋಟೋದವನು.
ಬಂದ, ಚಪ್ಪಲಿ ಎಳೆಯುತ್ತ, ಮಾವಿನಹಣ್ಣು ಚೀಪುತ್ತ.
ಸೈಕಲ್ಲಿನಿಂದ ಬಿದ್ದ. ಎದ್ದು,
ಮೊದಲು ಮಾಡಿದ್ದು ಬಾಚಣಿಗೆ ತೆಗೆದು ತಲೆ ಬಾಚಿಕೊಂಡದ್ದು.
ಅವನಿಗೊಂದು ದನಿಯಿತ್ತು, ತುಸು ಗೊಗ್ಗರು,
ಐವತ್ತೆರಡು ವರ್ಷ ಹಾರದೊಳಗೆ ಬರಿದೆ ನಕ್ಕವನಿಗೆ.

ಮಧ್ಯಂತರ ಎಂದು ಪರದೆಗೆ ಬಂದಾಗ
ಟೀವಿ ಆರಿಸಿದೆ.
‘ಯಾಕೆ?’ ಎಂದಳು ಕುಮುದಿನಿ, ಮೊರದಲ್ಲಿ ಅವರೆ ಬಿಡಿಸುತ್ತ.
‘ಮುಂದಿನದು ಬಾಯಿಪಾಠ.’
ಸ್ವಲ್ಪ ಹೊತ್ತು ಬಿಟ್ಟು ಕೇಳಿದೆ:
‘ಟ್ರಂಕಿನಲ್ಲಿ ಇದ್ದಾರಲ್ಲ,
ಅವರು ಹೇಗೆ ನಡೀತಿದ್ದರು?’

ಲೋಕಲ್ ಒಂದು ಹಾದುಹೋಯಿತು, ಪಾತ್ರೆಗಳು ನಡುಗಿ ಸುಮ್ಮನಾದವು.
ಅವಳು ಮೊರ ಕೆಳಗಿಟ್ಟಳು.
ಮಂಡಿಗೆ ಕೈಯೂರಿ ಎದ್ದಳು.
ಎಡಭುಜ ಕೊಂಚ ಇಳಿಬಿಟ್ಟು, ಕೈ ಬೆನ್ನ ಹಿಂದೆ ಕಟ್ಟಿ,
ಒಲೆಯಿಂದ ಬಾಗಿಲವರೆಗಿನ ಹನ್ನೊಂದು ಅಡಿ
ಅವಸರವಿಲ್ಲದ ಗಂಡಸಿನ ಹಾಗೆ ನಡೆದು ತೋರಿಸಿದಳು.

‘ಹೊಸ್ತಿಲ ಹತ್ತಿರ ಬಂದಾಗ ಒಂದು ಗಳಿಗೆ ನಿಲ್ಲೋರು,’ ಎಂದಳು.
ನಿಂತಳು.